ರಾಯರ ಚಿಪ್ಪಿಗೆ ಟಿಕಳಿ

ಇಲೆಕ್ಟ್ರಾನಿಕ್ ಚಿಪ್ಪು ನಂಬಿ ಹೊಟ್ಟೆ ಹೊರೆಯುವವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನಿದ್ದಲ್ಲಿ ಒಂದೆರಡು ಹೆಚ್ಚು. ತೊಂಬತ್ತರ ದಶಕದಲ್ಲಿ ಪುಣೆಯ ಸ್ವಾರಗೇಟಿನ ಹಿಂದಿನ ಓಣಿಯಲ್ಲಿ ನಾವು ಮೂವರು ಕಾರಖಾನೆಗಳಿಗೆ ಬಾಟಲಿ ಎಣಿಸುವ ಯಂತ್ರ ಮಾಡಿಕೊಡುತ್ತಿದ್ದೆವು. ಧಾರವಾಡದ ರಾಯರು ಮಾಲಕರು, ಬೆಳಗಾವಿಯ ಅಕ್ಕಾರು ಬುದ್ಧಿವಂತರು, ಉಳಿದವನು ನಾನು. ಇದರಲ್ಲಿ ಸುಳ್ಳಿಲ್ಲ; ಇದ್ದರೂ ಸಣ್ಣದು.

೧. ಅಡಿಗಿ ಇಲ್ಲಿ, ಊಟ ಅಲ್ಲಿ

ರಾಯರು ಚಿಪ್ಪಿನ ಪ್ರೋಗ್ರಾಮನ್ನು ಅಸೆಂಬ್ಲಿ ಭಾಷೆಯಲ್ಲಿ, ಒಂದೊಂದೇ ಆಜ್ಞೆಯಾಗಿ, ನೀಲಿ ವಹಿಯಲ್ಲಿ ಪೆನ್ಸಿಲಿನಿಂದ ಬರೆಯುವವರು. ನಮ್ಮಿಂದಲೂ ಹಾಗೆಯೇ ಬರೆಸುವವರು. ಅಕ್ಕಾರು ಹಟ ಹಿಡಿದು ಸಿ ಭಾಷೆಯಲ್ಲಿ ಬರೆದದ್ದನ್ನು ಚಿಪ್ಪಿನ ಆಜ್ಞೆಗಳಾಗಿ ತಾನೇ ಬದಲಿಸುವ ಕ್ರಾಸ್ ಕಂಪೈಲರ್ ಒಂದನ್ನು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ತರಿಸಿದರು.

“ಕ್ರಾಸ್ ಅಂದ್ರ?” ಎಂದರು ರಾಯರು.

“ಅಡಿಗಿ ಇಲ್ಲಿ ಕಂಪ್ಯೂಟರಿನ್ಯಾಗ ರೀ, ಊಟ ಅಲ್ಲಿ ಚಿಪ್ಪಿನ್ಯಾಗ,” ಎಂದರು ಅಕ್ಕಾರು.

“ತಿಂಗಳ ಕಡೀಗೆ ವಹಿಯೊಳಗ ‘ಇರಲಿ’ ಇಲ್ಲಾ ‘ಬ್ಯಾಡ’ ಅಂತ ಬರೀತೀನಿ. ಬ್ಯಾಡ ಅಂದ್ರ ಎಲ್ಲಾರೂ ಮತ್ತ ಪೆನ್ಸಿಲ್ ಚೂಪ ಮಾಡ್ಕೋರಿ.”

ಪೆನ್ಸಿಲ್ ಅಂದರೆ ನನಗೆ ಚಳಿಜ್ವರ. ಮುತುವರ್ಜಿಯಿಂದ ಮೊದಲ ಪ್ರೋಗ್ರಾಮನ್ನು ನಾನೇ ಬರೆದೆ: ಚಿಪ್ಪು ಪರದೆಯ ಮೇಲೆ ‘ನಮಸ್ಕಾರ’ ಅನ್ನಬೇಕು, ಅಷ್ಟೇ. ಅಂದಿತು. ಆದರೆ ಆ ಒಂದು ಮಾತಿಗೆ ಪ್ರೋಗ್ರಾಮು ಚಿಪ್ಪಿನ ಅರ್ಧ ಜಾಗ ತಿಂದು ಕೂತಿತ್ತು.

ರಾಯರು ಕನ್ನಡಕ ಏರಿಸಿದರು. “ನಮ್ಮ ಅಳಿಯಾನೂ ಹಿಂಗ. ನಮಸ್ಕಾರ ಅನ್ನೂದ್ರೊಳಗ ಅರ್ಧ ಡಬ್ಬಿ ಚಕ್ಕಲಿ ಖಾಲಿ.”

೨. ಮುಗಿದ ಮೇಲೆ ಎಲ್ಲಿಗೆ?

ನನ್ನ ಎರಡನೆಯ ಪ್ರೋಗ್ರಾಮು ಒಂದು ಬಾಟಲಿ ಸರಿಯಾಗಿ ಎಣಿಸಿತು. ಆಮೇಲೆ ದೀಪಗಳನ್ನೆಲ್ಲ ಮನಬಂದಂತೆ ಮಿಣುಕಿಸತೊಡಗಿತು.

“ಏನಾತೋ ಇದಕ್ಕ?” ಎಂದರು ರಾಯರು.

“ಕೆಲಸಾ ಮುಗಿಸಿ ಹೊಳ್ಳಿ ಹೋತ್ರಿ.”

“ಎಲ್ಲಿಗೆ?”

ಕಂಪ್ಯೂಟರಿನಲ್ಲಾದರೆ ಮುಗಿದ ಪ್ರೋಗ್ರಾಮಿಗೆ ಹಿಂತಿರುಗಲು ಒಂದು ಮನೆಯಿದೆ. ಚಿಪ್ಪಿನಲ್ಲಿ ಅದೂ ಇಲ್ಲ, ಬೀದಿ ಅಲೆಯುತ್ತದೆ. ಅಕ್ಕಾರು ಬಂದು, ಅದು ಎಂದೂ ಮುಗಿಯದೆ ಸುತ್ತುತ್ತಲೇ ಇರುವಂತೆ ಒಂದು ಸಾಲು ಸೇರಿಸಿದರು.

“ಅಂದ್ರ ರಜಾ ಕೇಳೂದಿಲ್ಲ, ಮನೀಗೆ ಹೋಗೂದಿಲ್ಲ!” ರಾಯರಿಗೆ ಮೊದಲ ಸಲ ಸಿ ಮೇಲೆ ಪ್ರೀತಿ ಬಂತು. ನನ್ನತ್ತ ಬೆರಳು ಮಾಡಿ, “ಅಕ್ಕಾರ, ಆ ಸಾಲು ಇವಗೂ ಹಾಕಲಿಕ್ಕೆ ಬರ್ತದೇನ್ರಿ?”

೩. ತಳೇಗಾಂವದ ಫೋಟೋ

ತಿಂಗಳ ಕೊನೆಗೆ ತಳೇಗಾಂವದ ಕಾರಖಾನೆಯಲ್ಲಿ ಅಕ್ಕಾರ ಪ್ರೋಗ್ರಾಮಿನ ಪ್ರದರ್ಶನ. ಆಗಿನ ಚಿಪ್ಪಿನ ಬೆನ್ನಿಗೆ ಒಂದು ಗಾಜಿನ ಕಿಟಕಿ. ಜೋರು ಬೆಳಕು ಹೊಕ್ಕರೆ ಒಳಗಿನ ಬರಹಕ್ಕೆ ತೊಂದರೆ, ಅದಕ್ಕೇ ಮೇಲೊಂದು ಬೆಳ್ಳಿ ಕಾಗದ. ನನ್ನ ಕೈ ಸುಮ್ಮನಿರಬೇಕಲ್ಲ? ಕಾಗದ ಕಿತ್ತು, ಹೆಂಡತಿಯ ಪಾಕೀಟಿನಿಂದ ತಂದ, ಹಣೆಗೆ ಅಂಟಿಸುವ ಹರಳಿನ ಟಿಕಳಿ ಹಚ್ಚಿದೆ. ಯಂತ್ರದ ಡಬ್ಬಿ ತೆರೆದಾಗ ರಾಯರ ಮುಖ ನೋಡಬೇಕು, ಇಷ್ಟೇ ಆಸೆ.

ತೆರೆದರು. ಮುಖ ಕೆಂಪಾಯಿತು. ಆದರೆ ಕಾರಖಾನೆಯ ಮಾಲಕರು ಕುಣಿದುಬಿಟ್ಟರು. “ಅರೇ ವ್ವಾ! ಸಾಕ್ಷಾತ್ ಲಕ್ಷ್ಮೀ!” ಎಂದು ಫೋಟೋದವನನ್ನು ಕರೆಸಿದರು.

ಯಂತ್ರ ಎಣಿಸುತ್ತಿತ್ತು. ಫ್ಲ್ಯಾಶ್ ಬಿತ್ತು, ಯಂತ್ರ ನಿಂತಿತು. ಸ್ವಿಚ್ ಆರಿಸಿ ಮತ್ತೆ ಹಚ್ಚಿದೆವು, ಹೊರಟಿತು. “ಪರತ ಏಕದಾ,” ಎಂದು ಫೋಟೋದವ ಇನ್ನೊಮ್ಮೆ ಕ್ಲಿಕ್ಕಿಸಿದ. ನಿಂತಿತು. ಮೂರನೆಯ ಸಲವೂ ಅದೇ.

“ನನ್ನ ಅಸೆಂಬ್ಲಿ ಮದುವಿ ಮನ್ಯಾಗ ಇಟ್ಟರೂ ನಿಲ್ಲತಿದ್ದಿಲ್ಲ!” ರಾಯರು ನೀಲಿ ವಹಿ ತೆಗೆದು ‘ಬ್ಯಾ’ ಎಂದು ಬರೆದೇ ಬಿಟ್ಟರು. ಅಕ್ಕಾರ ತಿಂಗಳ ದುಡಿಮೆ ಆ ಪೆನ್ಸಿಲಿನ ತುದಿಯಲ್ಲಿ ನಿಂತಿತ್ತು. ನನಗೆ ಮಾತ್ರ ಹೊಳೆದಿತ್ತು: ಟಿಕಳಿ ಸಣ್ಣದು, ಸುತ್ತಲೂ ಗಾಜು ಕಾಣುತ್ತಿದೆ.

“ರಾಯರ, ನಿಲ್ಲರಿ! ಸಿ ತಪ್ಪಲ್ಲರಿ. ಟಿಕಳಿ ಸಾಲವಲ್ದು, ಬೆಳಕು ಒಳಗ ಹೋಗ್ಲಿಕ್ಕತ್ತದ.”

“ಹಚ್ಚಿದವರ ಯಾರು?”

“...ನಾನರಿ.”

ಅಕ್ಕಾರು ತಮ್ಮ ಹಣೆಯ ಮೇಲಿನ ರೂಪಾಯಿ ಅಗಲದ ಮಖಮಲ್ಲಿನ ಟಿಕಳಿ ಕಿತ್ತು ಕಿಟಕಿಗೆ ಒತ್ತಿದರು. ಫ್ಲ್ಯಾಶ್. ಯಂತ್ರ ಎಣಿಸುತ್ತಲೇ ಇತ್ತು. ಇನ್ನೂ ನಾಲ್ಕು ಫ್ಲ್ಯಾಶ್. ನಾನು ಕಥೆ ಹೇಳುವಾಗ ಹನ್ನೆರಡು ಅನ್ನುತ್ತೇನೆ.

ರಾಯರು ‘ಬ್ಯಾ’ ಹೊಡೆದುಹಾಕಿ ಬಹಳ ಹೊತ್ತು ಬರೆದರು. ಅವರ ಹೆಗಲ ಮೇಲಿಂದ ಇಣುಕಿದೆ:

“ಕಂಪೈಲರ್ ಇರಲಿ. ಅಕ್ಕಾರ ಟಿಕಳಿ ಇರಲಿ. ಇವನನ್ನು ಮಾತ್ರ ಒಂದು ತಿಂಗಳ ಮಟ್ಟಿಗೆ ಪರೀಕ್ಷೆಗೆ ಇಡುವುದು.”