ಪ್ರಾರ್ಥನೆಯ ನಡುವೆ ಒಂದು ಹಕಾರ

ಈ ಬರಹದಲ್ಲಿ ಕಾಗುಣಿತದ ದೋಷವೋ ವಾಕ್ಯರಚನೆಯ ದೋಷವೋ ಕಂಡುಬಂದರೆ ಓದುಗರು ಕ್ಷಮಿಸಬೇಕೆಂದು ಮೊದಲೇ ಕೋರುತ್ತೇನೆ. ಕ್ಷಮಿಸಲಾಗದಿದ್ದರೆ ಮನಸ್ಸಿನಲ್ಲೇ ತಿದ್ದಿಕೊಳ್ಳಿ. ದಯವಿಟ್ಟು ಗಟ್ಟಿಯಾಗಿ ತಿದ್ದಬೇಡಿ. ಗಟ್ಟಿಯಾಗಿ ತಿದ್ದಿದರೆ ಒಂದು ಸಂಸಾರದ ಗತಿ ಏನಾಗುತ್ತದೆ ಎಂಬುದೇ ಇಲ್ಲಿನ ವಿಷಯ. ನಾನು ನಮ್ಮ ವಂಶದ ಮೊದಲ ಪದವೀಧರ. ಪದವಿಯ ಜೊತೆಗೆ ನಾನು ಮನೆಗೆ ತಂದ ಇನ್ನೊಂದು ಆಸ್ತಿಯೆಂದರೆ ‘ಹ’ ಎಂಬ ಅಕ್ಷರ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಆಲು ಕಾಯುತ್ತಿತ್ತು, ಊವು ಅರಳುತ್ತಿತ್ತು, ಅದರಿಂದ ಯಾರಿಗೂ ಏನೂ ಕೊರತೆಯಾಗಿರಲಿಲ್ಲ. ಕಾಲೇಜಿನಲ್ಲಿ ಸಹಪಾಠಿಗಳು ನಕ್ಕ ಮೇಲೆ ನಾನು ಸಿಟಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ‘ಹಾಲು, ಹೂವು, ಹಣ್ಣು’ ಎಂದು ಬಾಯೊಳಗೇ ಹೇಳಿಕೊಂಡು ಅದನ್ನು ಸಂಪಾದಿಸಿದೆ. ಈಗ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ತಿದ್ದುವುದಕ್ಕೆ ಸಂಬಳ ಕೊಡುತ್ತಾರೆ. ಸಂಬಳವಿಲ್ಲದ ಕಡೆಯಲ್ಲೂ ತಿದ್ದಿದ್ದರಿಂದ ಅನಾಹುತವಾಯಿತು.

ನಾವಿರುವುದು ಹಿನಕಲ್ಲಿನಲ್ಲಿ, ಅಮ್ಮ, ಹೆಂಡತಿ ಸುಗುಣ ಮತ್ತು ನಾನು. ನಮ್ಮ ಚರ್ಚಿನ ಸಭೆಗೇ ಬರುವ, ನಮ್ಮ ಬೀದಿಯವರೇ ಆದ ಎಸ್ತೇರಮ್ಮನವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಭಾನುವಾರದ ಆರಾಧನೆ ಮುಗಿಸಿ ನಾಲ್ಕಾರು ಮನೆಯವರು ಅವರಿಗಾಗಿ ಪ್ರಾರ್ಥಿಸಲು ಹೋದೆವು. ಜನರ ಮುಂದೆ ಎಂದೂ ಬಾಯಿ ಬಿಡದ ಸುಗುಣ ಅಂದು ಅದೇನೋ ಧೈರ್ಯ ಮಾಡಿ ತಾನೇ ಪ್ರಾರಂಭಿಸಿದಳು. ಎಲ್ಲರೂ ಕಣ್ಣು ಮುಚ್ಚಿದ್ದರು. “ಕರ್ತನೇ, ಈ ತಾಯಿ ಮೇಲೆ ನಿನ್ನ ಅಸ್ತ ಇಡಪ್ಪಾ” ಎಂದಳು. “ಹಸ್ತ” ಎಂದೆ ನಾನು. ಮೆಲ್ಲಗೇ ಹೇಳಿದೆನೆಂದು ನನ್ನ ಭಾವನೆ. ಮೊದಲು ನಕ್ಕವರು ಮಂಚದ ಮೇಲಿದ್ದ ಎಸ್ತೇರಮ್ಮನವರೇ. ಸುಗುಣ ಅಲ್ಲಿಗೇ “ಆಮೆನ್” ಎಂದುಬಿಟ್ಟಳು. ಮನೆಗೆ ನಡೆಯುವಾಗ ಅವಳು ಆಡಿದ್ದು ಒಂದೇ ಮಾತು: “ಆಯಮ್ಮನ ಕಾಲು ವಾಸಿ ಮಾಡು ಅಂತ ಕೇಳೋದೇ ಉಳ್ಕೊಂಡ್ಬುಡ್ತು, ನಿಮ್ಮಿಂದ.” ಅಲ್ಲಿಂದ ಮುಂದೆ ನನ್ನೊಡನೆ ಅವಳ ಮಾತು ನಿಂತಿತು.

ಆದರೆ ನಮ್ಮ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಗಂಡಹೆಂಡಿರು ಮಾತು ಬಿಟ್ಟರೂ ದೇವರೊಡನೆ ಬಿಡುವಂತಿಲ್ಲವಲ್ಲ! ಹೀಗಾಗಿ ನಮ್ಮಿಬ್ಬರ ಜಗಳ ದೇವರ ಮೂಲಕ ನಡೆಯತೊಡಗಿತು. “ಕರ್ತನೇ, ಪಂಡಿತರ ಸಾವಾಸದಲ್ಲಿ ಬದುಕೋ ಶಕ್ತಿ ಕೊಡು” ಎಂದು ಅವಳು ಬೇಡಿದಳು. ‘ಸಹವಾಸ’ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಬಹಳ ಕಷ್ಟದಿಂದ ನುಂಗಿಕೊಂಡೆ. ನನ್ನ ಸರದಿ ಬಂದಾಗ, “ಪರಮಪೂಜ್ಯ ತಂದೆಯೇ, ಸದುದ್ದೇಶದಿಂದ ನೀಡಿದ ಸಲಹೆಯನ್ನು ಸ್ವೀಕರಿಸುವ ವಿವೇಕವನ್ನು ಈ ಗೃಹದ ಕೆಲವರಿಗೆ ತಾವು ದಯಪಾಲಿಸಬೇಕಾಗಿ ವಿನಂತಿ” ಎಂದೆ. ಅಮ್ಮ ಕಣ್ಣು ಮುಚ್ಚಿಕೊಂಡೇ, “ಇದೇನ್ಲಾ, ಪ್ರಾರ್ಥನೆನಾ ಪಂಚಾಯ್ತಿನಾ? ಬೇಗ ಆಮೆನ್ ಅನ್ನಿ, ಮುದ್ದೆ ತಣ್ಣಗಾಯ್ತದೆ” ಎಂದರು.

ಇಲ್ಲಿ ನನ್ನ ಇನ್ನೊಂದು ದೌರ್ಬಲ್ಯವನ್ನು ಹೇಳಬೇಕು. ಸಭೆಯಲ್ಲಿ ಎಲ್ಲರೂ ದೇವರನ್ನು ‘ನೀನು’ ಎಂದೇ ಕರೆಯುತ್ತಾರೆ. ನನಗೆ ಮಾತ್ರ ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ. ಬ್ಯಾಂಕಿನ ಗುಮಾಸ್ತರಿಗೇ ‘ತಾವು’ ಎನ್ನುವವನು ಆಕಾಶ ಭೂಮಿಗಳನ್ನು ಸೃಷ್ಟಿಸಿದವನನ್ನು ಏಕವಚನದಲ್ಲಿ ಕರೆಯುವುದು ಹೇಗೆ? ಆದ್ದರಿಂದ ನನ್ನ ಪ್ರಾರ್ಥನೆಗಳೆಲ್ಲ ರಜೆಯ ಅರ್ಜಿಯಂತಿರುತ್ತವೆ. ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಸಹಿ ಮಾಡುವುದೊಂದೇ ಬಾಕಿ.

ಗುರುವಾರ ಸಂಜೆ ಸುಗುಣ ದೇವರಿಗೆ ಒಂದು ವಿಷಯ ತಿಳಿಸಿದಳು: “ಕರ್ತನೇ, ಶನಿವಾರ ನಾನು ಉಣಸೂರಿಗೆ ಅಮ್ಮನ ಮನೆಗೆ ಓಯ್ತಾ ಇದ್ದೀನಿ. ದಾರೀಲಿ ಜೊತೇಲಿರಪ್ಪಾ.” ಯಾವಾಗ ಮರಳುವಳೆಂಬುದನ್ನು ದೇವರಿಗೂ ಹೇಳಲಿಲ್ಲ. ಮದುವೆಯಾದಾಗಿನಿಂದ ಅವಳು ತವರಿಗೆ ಹೋದದ್ದುಂಟು. ಆದರೆ ಪ್ರತಿ ಬಾರಿಯೂ ಹಿಂದಿರುಗುವ ದಿನವನ್ನು ಮೊದಲು ಹೇಳಿ, ಆಮೇಲೆ ಹೊರಡುವ ದಿನವನ್ನು ಹೇಳುತ್ತಿದ್ದಳು. ಮರುದಿನ ತರಗತಿಯಲ್ಲಿ ಹಲಗೆಯ ಮೇಲೆ ನಾನು ಬರೆದ ತಪ್ಪನ್ನು ವಿದ್ಯಾರ್ಥಿಗಳೇ ತೋರಿಸಿಕೊಡಬೇಕಾಯಿತು. ಮನೆಗೆ ಬಂದರೆ ಕೋಣೆಯ ಬಾಗಿಲಲ್ಲೇ ಚೀಲ. ಅವಳ ಚಳಿಗಾಲದ ಸ್ವೆಟರ್ ಕೂಡ ಅದರೊಳಗೆ ಹೋಗಿತ್ತು. ಚಳಿಗಾಲಕ್ಕಿನ್ನೂ ಬಹಳ ದೂರವಿತ್ತು. “ತಾವು ಕಾಫಿ ಕುಡಿದಿರಾ?” ಎಂದು ಸುಗುಣಳನ್ನು ಕೇಳಿದೆ. ಅವಳು ಚೀಲದ ಜಿಪ್ ಎಳೆದು ಅಡುಗೆಮನೆಗೆ ಹೋದಳು.

ಅಂದಿನ ಪ್ರಾರ್ಥನೆಯಲ್ಲಿ ಮೊದಲ ಸರದಿ ನನ್ನದು. “ಪರಮಪೂಜ್ಯ ತಂದೆಯೇ, ತಾವು...” ಎಂದು ತೊಡಗಿದ್ದೆನಷ್ಟೆ. ಅಮ್ಮ ಕಣ್ಣು ಬಿಟ್ಟು ಕೇಳಿದರು: “ಅಲ್ಲ ಕಣ್ಲಾ, ವಾರದಿಂದ ನೋಡ್ತಾ ಇವ್ನಿ, ಇವಳ್ಗೂ ತಾವು, ದೇವ್ರಿಗೂ ತಾವು. ಏನ್ ನಿನ್ ಸಮಾಚಾರ?”

“ಸಿಟ್ಟು ಬಂದ್ರೇನೇ ಅತ್ತೆ, ಇವ್ರ ಬಾಯಲ್ಲಿ ತಾವು ಬರೋದು,” ಎಂದಳು ಸುಗುಣ. “ನನ್ ಮೇಲೆ ಸಿಟ್ಟು, ಸರಿ. ದೇವ್ರು ಇವ್ರಿಗೆ ಏನ್ ಮಾಡಿದ್ನೋ ಪಾಪ.”

ಅವಳ ಮಾತು ನಿಜವಲ್ಲವೆಂದು ವಾದಿಸಲು ಬಾಯಿ ತೆರೆದೆ. ಸಿಟ್ಟಲ್ಲ, ಅದು ಭಯ. ಹತ್ತಿರ ಹೋದರೆ ಬಾಯಿ ತಪ್ಪುತ್ತದೆ, ಬಾಯಿ ತಪ್ಪಿದರೆ ನಗುತ್ತಾರೆ. ಆದ್ದರಿಂದ ಒಂದು ಮೇಜಿನಷ್ಟು ದೂರ ನಿಂತೇ ಎಲ್ಲರೊಡನೆ ಮಾತನಾಡುವುದನ್ನು ರೂಢಿಸಿಕೊಂಡವನು ನಾನು. ವಾದವೇನೋ ಸಿದ್ಧವಾಗಿತ್ತು, ಆದರೆ ಬಾಯಿಂದ ಹೊರಬಿದ್ದದ್ದು ಬೇರೆ. “ಅಪ್ಪಾ, ನಂಗೆ ಭಯ ಕಣಪ್ಪಾ. ಇವಳು ಆವತ್ತು ನಿನ್ ಜೊತೆ ಮಾತಾಡ್ತಿದ್ಲು, ನಾನು ಮಧ್ಯಕ್ಕೆ ಬಂದ್ಬುಟ್ಟೆ. ಇವಳು ಕೇಳಿದ್ದು ನಿಂಗೆ ಅರ್ಥ ಆಗಿತ್ತು, ತಪ್ಪು ಕೇಳ್ಸಿದ್ದು ನನ್ನೊಬ್ಬನಿಗೇ. ಎಸ್ತೇರಮ್ಮನ ಕಾಲು ವಾಸಿ ಮಾಡು. ಇವಳ್ನ ಬೇಗ ವಾಪಸ್ ಕಳ್ಸು.” ಅಷ್ಟರಲ್ಲಿ ಅಳು ಬಂತು. ಆಮೆನ್ ಎಂದದ್ದು ಸುಗುಣ. ಅನಂತರ ಅವಳು, ಈ ಬಾರಿ ದೇವರನ್ನು ಬಿಟ್ಟು ನನ್ನ ಕಡೆಗೇ ತಿರುಗಿ, “ಸೋಮವಾರ ಬತ್ತೀನಿ ಕಣ್ರೀ. ದೇವ್ರಿಗೆ ಓಯ್ತೀನಿ ಅಂತ ಏಳ್ಬುಟ್ಟಿದ್ದೀನಿ, ಓಗ್ದೇ ಇರಕ್ಕಾಯ್ತದಾ?” ಎಂದಳು. ಸ್ವೆಟರನ್ನು ಮಾತ್ರ ಚೀಲದಿಂದ ತೆಗೆದು ಬೀರುವಿನಲ್ಲಿಟ್ಟಳು.

ಸೋಮವಾರ ಬಂದಳು. ಅದೇ ವಾರ ಎಸ್ತೇರಮ್ಮನವರ ಮನೆಗೆ ಹೋಗಿ, ಉಳಿದಿದ್ದ ಪ್ರಾರ್ಥನೆಯನ್ನು ಪೂರ್ತಿ ಮಾಡಿದಳು. ನಾನು ಪಕ್ಕದಲ್ಲಿ ತುಟಿ ಬಿಗಿಹಿಡಿದು ಕುಳಿತಿದ್ದೆ. ನಮ್ಮ ಸಂಸಾರದಲ್ಲಿ ಆಮೇಲೆ ಆದ ಬದಲಾವಣೆ ಇಷ್ಟೇ: ನಾನು ದೇವರನ್ನು ‘ನೀನು’ ಎನ್ನುತ್ತೇನೆ, ಇನ್ನೂ ಒಮ್ಮೊಮ್ಮೆ ತಡವರಿಸಿ. ಪ್ರಾರ್ಥನೆ ಮೊದಲಿಗಿಂತ ಚಿಕ್ಕದಾಗಿದೆ. ಮುದ್ದೆ ಬಿಸಿಯಾಗಿಯೇ ಸಿಗುತ್ತದೆ. ಪರಸ್ಪರರ ಮೇಲಿನ ದೂರುಗಳನ್ನು ನಾವು ಪ್ರಾರ್ಥನೆಗೆ ಕೂರುವ ಮುಂಚೆಯೇ ನೇರವಾಗಿ ಹೇಳಿ ಮುಗಿಸುತ್ತೇವೆ. ಈ ಪದ್ಧತಿಯಿಂದ ಎಲ್ಲರಿಗೂ ಸಮಾಧಾನವಾಗಿದೆ, ನನ್ನೊಬ್ಬನಿಗೆ ಬಿಟ್ಟು. ದೇವರ ಮೂಲಕ ಬರುತ್ತಿದ್ದಾಗ ಸುಗುಣಳ ಬೈಗುಳಕ್ಕೆ ಕೊನೆಯಲ್ಲಿ ಆಮೆನ್ ಎಂಬುದೊಂದಾದರೂ ಇರುತ್ತಿತ್ತು. ಈಗ ಅದೂ ಇಲ್ಲ.