ಕಿಡಿ ಕಾಯುವವನ ಪಾಡು

ಬೆಂಕಿ ತಗುಲಿದರೆ ಸಿಡಿಯುವಂಥ ಜಾಗಗಳಲ್ಲಿ ಸ್ವಿಚ್ಚು, ಮೋಟಾರು, ದೀಪ ಸರಿಯಾಗಿವೆಯೇ ಎಂದು ನೋಡಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಒಂದು ಕಿಡಿಯೂ ಹಾರಬಾರದು. ಇಷ್ಟು ಗಂಭೀರವಾದ ಕೆಲಸದಲ್ಲಿ ನಗೆಪಾಟಲೇ ಯಾಕೆ ಎದುರಾಗುತ್ತದೋ, ನನಗಿನ್ನೂ ತಿಳಿದಿಲ್ಲ.

ಎಂಟು ಬೋಲ್ಟು

ಚಳ್ಳಕೆರೆಯ ಒಂದು ಕಾರ್ಖಾನೆಯಲ್ಲಿ ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರಾವಕ ಹಾಕಿ ತೆಗೆಯುತ್ತಾರೆ. ಅದರ ಆವಿ ಪೆಟ್ರೋಲಿನಷ್ಟೇ ಅಪಾಯ. ಅದಕ್ಕೇ ಒಳಗಿನ ಕಿಡಿ ಹೊರಗೆ ಬಾರದಂತೆ ಅಲ್ಲಿನ ಸ್ವಿಚ್ಚುಗಳಿಗೆ ದಪ್ಪ ಕಬ್ಬಿಣದ ಪೆಟ್ಟಿಗೆ, ಮುಚ್ಚಳಕ್ಕೆ ಎಂಟು ಬೋಲ್ಟು. ನಾನು ಹೋದಾಗ ಎರಡೇ ಇದ್ದವು. ಉಳಿದ ಆರು ಎಲ್ಲಿ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿದೆ. ಅವನು ಬೀರು ತೆಗೆದು, ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಂಟನ್ನು ನನ್ನ ಕೈಗಿಟ್ಟ.

"ಒಳ್ಳೇ ಬೋಲ್ಟು ಸರ್. ಹಾಕಿದ್ರೆ ತುಕ್ಕು ಹಿಡಿತಾವೆ ಅಂತ ಎತ್ತಿಟ್ಟೀನಿ."

ಕರ್ಪೂರ

ಮೊಳಕಾಲ್ಮೂರು ಕಡೆಯ ಒಂದು ಪೆಟ್ರೋಲ್ ಬಂಕಿಗೆ ಸರ್ಟಿಫಿಕೇಟ್ ಕೊಟ್ಟಿದ್ದೆ. ಮುಂದಿನ ಸಲ ಹೋದರೆ ಮಾಲೀಕರ ತಾಯಿ ಅದಕ್ಕೆ ಕಟ್ಟು ಹಾಕಿಸಿ, ಪಂಪಿನ ಪಕ್ಕದ ಗೋಡೆಗೆ ತೂಗುಹಾಕಿ, ಕರ್ಪೂರ ಬೆಳಗಲು ಕಡ್ಡಿ ಗೀರುವುದರಲ್ಲಿದ್ದರು. ನಾನು ಓಡಿಹೋಗಿ ಬೆಂಕಿಪೊಟ್ಟಣ ಕಿತ್ತುಕೊಂಡೆ. ಅಜ್ಜಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ.

"ಸರ್ಟಿಫಿಕೇಟ್ ಐತಲ್ಲ ಬಾಬೂ, ಇನ್ನೇನು ಭಯ?"

ಕೂರಿಸಿ ತಿಳಿಸಿ ಹೇಳಿದೆ, ಒಪ್ಪಿದರು. ಈಗ ಸರ್ಟಿಫಿಕೇಟ್ ಅವರ ಮನೆಯ ದೇವರಕೋಣೆಯಲ್ಲಿದೆ. ತಪಾಸಣೆಗೆ ಹೋದಾಗ ಅದನ್ನು ನೋಡಲು ನಾನು ಕಾಲು ತೊಳೆದುಕೊಂಡು ಒಳಗೆ ಹೋಗಬೇಕು.

ಹತ್ತಿ ಬಟ್ಟೆ

ಚಳ್ಳಕೆರೆಯ ಅದೇ ಕಾರ್ಖಾನೆಯಲ್ಲಿ ಕೆಲಸದವರಿಗೆ ಒಮ್ಮೆ ಪಾಠ ಮಾಡಿದ್ದೆ. ಪಾಲಿಯೆಸ್ಟರ್ ಬಟ್ಟೆ ಉಜ್ಜಿದರೆ ಸಣ್ಣ ಕಿಡಿ ಹುಟ್ಟಬಹುದು, ಒಳಗೆ ಬರುವವರು ಹತ್ತಿ ಬಟ್ಟೆಯನ್ನೇ ತೊಡಬೇಕು ಎಂದು. ವರ್ಷ ಬಿಟ್ಟು ಹೋದರೆ, ಹಿಂಡಿ ಗುಡಿಸುತ್ತಿದ್ದ ಅಕ್ಕ ಬಾಗಿಲಲ್ಲೇ ತಡೆದರು. ಬಟ್ಟೆ ನೋಡಿ ಒಳಗೆ ಬಿಡುವ ಜವಾಬ್ದಾರಿ ಈಗ ಅವರದಂತೆ. ನನ್ನ ಶರ್ಟಿನ ಅಂಚು ಬೆರಳಲ್ಲಿ ತಿಕ್ಕಿ ನೋಡಿ, ಇದು ಆಗಲ್ಲ, ಪ್ಯಾಂಟೂ ಆಗಲ್ಲ ಎಂದರು. ನಾನ್ಯಾರು ಗೊತ್ತಲ್ಲವಾ ಎಂದೆ.

"ಗೊತ್ತು ರೀ. ಹೇಳಿಕೊಟ್ಟೋರೇ ನೀವಲ್ವಾ?"

ಅಲ್ಲಿ ನನ್ನ ಮೈಗೆ ಹಿಡಿಯುವಂಥ ಹತ್ತಿ ಬಟ್ಟೆ ಎಂದರೆ, ಅವರು ಒಗೆದು ಒಣಹಾಕಿದ್ದ ಹೂವಿನ ನೈಟಿ ಒಂದೇ. ಅದನ್ನೇ ತೊಟ್ಟು ಇಡೀ ಕಾರ್ಖಾನೆ ಸುತ್ತಿದೆ. ಒಂದು ದೋಷವೂ ಸಿಗಲಿಲ್ಲ. ಹೇಳಿದ್ದನ್ನು ಇಷ್ಟು ಮನಸ್ಸಿಟ್ಟು ಪಾಲಿಸುವವರೂ ಇದ್ದಾರಲ್ಲ ಎಂದು ಎದೆಯುಬ್ಬಿತು. ಮೋಟಾರಿನ ಮುಂದೆ ಬಗ್ಗಿ ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಹಿಂದಿನಿಂದ ಬಂದ ಮಾಲೀಕರು ದನಿ ತಗ್ಗಿಸಿ ಕೇಳಿದರು:

"ಯವ್ವಾ, ಆ ಕಿರಿಕಿರಿ ಸಾಹೇಬ್ರು ಹೋದ್ರಾ?"