ಅಜ್ಜಿ ಕಲಿಸಿದ ಫ್ರೆಂಚು

ಕೀಲಿಯಪ್ಪನ ಎಲ್ಲ ತೊಂದರೆಗೂ ಮೂಲ ಅವನ ಬಾಯಿ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವವನು ಅವನು. ಸೊಂಟದಲ್ಲಿ ಸದಾ ಕೀಲಿಗೊಂಚಲು ತೂಗುತ್ತಿದ್ದುದರಿಂದ ಹುಟ್ಟಿದಾಗ ಇಟ್ಟ ಹೆಸರು ಅವನಿಗೇ ಮರೆತುಹೋದಂತಿತ್ತು. ತಿಂಗಳ ಹಿಂದೆ ಯಜಮಾನರು ಎಲ್ಲರನ್ನೂ ಕರೆದು, ಫ್ರಾನ್ಸಿನ ಕಂಪನಿಯ ದೊಡ್ಡ ಮನುಷ್ಯರೊಬ್ಬರು ಬರುತ್ತಾರೆ, ನಮ್ಮಲ್ಲಿ ಒಬ್ಬನನ್ನು ಆರಿಸಿ ಆರು ತಿಂಗಳು ತಮ್ಮೂರಲ್ಲಿಟ್ಟುಕೊಂಡು ಕೆಲಸ ಕಲಿಸುತ್ತಾರೆ, ಹೋಗುವವನಿಗೆ ಅವರ ಭಾಷೆ ಬರಬೇಕು ಅಷ್ಟೇ ಎಂದರು. ಎಲ್ಲರೂ ನೆಲ ನೋಡಿದರು. ಕೀಲಿಯಪ್ಪ ಮಾತ್ರ, "ಅದೇನು ಬ್ರಹ್ಮವಿದ್ಯೇನಾ ಸಾರ್? ಒಂದು ತಿಂಗಳು ರಜ ಕೊಡಿ, ಕಲಿತು ಬರ್ತೀನಿ" ಅಂದುಬಿಟ್ಟ. ಪಂಪಿನ ನಕ್ಷೆ ಬರೆಯುವವನು ಪಕ್ಕದಲ್ಲಿ ಕಿಸಕ್ಕನೆ ನಕ್ಕ. ಆ ನಗು ಕೇಳಿದ ಮೇಲೆ ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಅವನ ಮನೆಯಿಂದ ನಾಲ್ಕು ಬೀದಿ ಆಚೆ ಒಬ್ಬ ಫ್ರೆಂಚ್ ಮೇಷ್ಟ್ರು. ಗುರುವಿನ ಮನೆಯಲ್ಲೇ ವಾಸ, ಹೊಸ್ತಿಲು ದಾಟಿದರೆ ಫ್ರೆಂಚ್ ಬಿಟ್ಟು ಬೇರೆ ಮಾತಿಲ್ಲ ಎಂದು ಬೋರ್ಡು ಹಾಕಿದ್ದರು. ಕೀಲಿಯಪ್ಪ ಹಾಸಿಗೆ ಸುತ್ತಿಕೊಂಡು ಹೋಗಿ ಅಲ್ಲೇ ಠಿಕಾಣಿ ಹೂಡಿದ. ಆದರೆ ಅದು ಪರೀಕ್ಷೆಗಳ ಕಾಲ. ಮೇಷ್ಟ್ರು ಬೆಳಿಗ್ಗೆ ಹೋದರೆ ಸಂಜೆ ಬಂದು, ಉಂಡು, ಉತ್ತರಪತ್ರಿಕೆಗಳ ಮೇಲೇ ತಲೆಯಿಟ್ಟು ಮಲಗಿಬಿಡುತ್ತಿದ್ದರು. ಶಿಷ್ಯನ ಪಾಲಿಗೆ ಉಳಿದವರು ಮೇಷ್ಟ್ರ ತಾಯಿ.

ಅಜ್ಜಿ ಫ್ರಾನ್ಸಿನವರೇ. ಐವತ್ತೈದು ವರ್ಷದ ಹಿಂದೆ ಮದುವೆಯಾಗಿ ಬಂದವರು ಆಮೇಲೆ ತವರಿನ ಮುಖ ಕಂಡಿರಲಿಲ್ಲ. ಬೆಳಗಾದರೆ ಶುರು: ಕಾಲು ಒರೆಸಿಕೋ, ಬಾಗಿಲು ಹಾಕು, ನೆಟ್ಟಗೆ ಕೂತುಕೋ, ಗುಂಡಿ ಹಾಕಿಕೋ, ತಟ್ಟೆಯಲ್ಲಿ ಊಟ ಬಿಡಬೇಡ, ಇಷ್ಟು ಸೊರಗಿದ್ದೀಯಲ್ಲ ನಿನಗೆ ಊಟ ಹಾಕುವವರು ಯಾರೂ ಇಲ್ಲವೇ. ಎಲ್ಲವೂ ಫ್ರೆಂಚಿನಲ್ಲಿ, ಎಲ್ಲವೂ ಏರುಕಂಠದಲ್ಲಿ. ಎದುರಾಡಿದವನು ಸಂಜೆಯ ತನಕ ಕೇಳಿಸಿಕೊಳ್ಳಬೇಕು. ಆದ್ದರಿಂದ ಆ ಮನೆಯಲ್ಲಿ ಎಲ್ಲ ಮಾತಿಗೂ ಉತ್ತರ ಒಂದೇ, "ವೀ". ಅಂದರೆ ಹೂಂ. ಮೇಷ್ಟ್ರು ಹೇಳುವುದೂ ವೀ, ಹಾಲು ತರುವವನು ಹೇಳುವುದೂ ವೀ. ಕೀಲಿಯಪ್ಪ ಮೂವತ್ತು ದಿನದಲ್ಲಿ ಅಜ್ಜಿಯ ಅಷ್ಟೂ ಗದರಿಕೆಯನ್ನು ರಾಗಸಮೇತ ಬಾಯಿಪಾಠ ಮಾಡಿದ್ದ, ಜೊತೆಗೆ ಒಂದು ವೀ. ಇನ್ನು ಕಲಿಯಲು ಉಳಿದದ್ದೇನೂ ಇಲ್ಲವೆಂದು ಅವನಿಗೆ ಮನದಟ್ಟಾಗಿತ್ತು.

ಮೂವತ್ತೊಂದನೆಯ ಬೆಳಿಗ್ಗೆ ಅವನು ಕಾರ್ಖಾನೆಗೆ ಹೊರಟಾಗ ಎದೆ ಎರಡು ಅಂಗುಲ ಮುಂದಿತ್ತು. ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿ, ಸಾಯಂಕಾಲದೊಳಗೆ ತೀರ್ಮಾನ, ಆ ಸೀಟು ನನ್ನದೇ ಅಂದ. ಅವಳೂ ಸುಮ್ಮನಿರುವ ಪೈಕಿಯಲ್ಲ. ತಿಂಗಳಿಂದ ಬೀದಿಯವರ ಮುಂದೆ ಗಂಡನ ಫ್ರಾನ್ಸ್ ಪ್ರಯಾಣ ಹೇಳಿ ಹೇಳಿ, ಸೀಟು ತಪ್ಪಿದರೆ ಮನೆ ಬದಲಾಯಿಸಬೇಕು ಎನ್ನುವ ಸ್ಥಿತಿಗೆ ತಂದಿಟ್ಟಿದ್ದಳು.

ಅತಿಥಿ ಬಂದರು. ಎತ್ತರದ, ಕೋಟು ತೊಟ್ಟ, ನಗುವೇ ಕಾಣದ ಮನುಷ್ಯ. ಅಂಗಳದ ಕೆಸರು ಮೆಟ್ಟಿಕೊಂಡು ನೇರ ಸಭೆಯ ಕೋಣೆಗೆ ಕಾಲಿಟ್ಟರು. ಯಜಮಾನರು ಮೊಣಕೈಯಿಂದ ತಿವಿದರು. ಕೀಲಿಯಪ್ಪ ಮುಂದೆ ಬಂದ. ಸ್ವಾಗತದ ಮಾತು ಬೇಕಿತ್ತು, ಸರಿ. ಆದರೆ ಅಜ್ಜಿ ಯಾರನ್ನೂ ಸ್ವಾಗತಿಸಿದ್ದನ್ನು ಅವನು ಕೇಳಿರಲಿಲ್ಲ. ಕೆಸರಿನ ಬೂಟು ಕಂಡದ್ದೇ ತಡ, ಬಾಯಿ ತನ್ನಷ್ಟಕ್ಕೆ ತಾನೇ, "ಕಾಲು ಒರೆಸಿಕೋ" ಎಂದು ಫ್ರೆಂಚಿನಲ್ಲಿ ಗದರಿತು.

ಅತಿಥಿ ನಿಂತಲ್ಲೇ ನಿಂತರು. ಆಮೇಲೆ ಹಿಂದಕ್ಕೆ ಹೋಗಿ, ಬಾಗಿಲ ಬಳಿ ಕಾಲು ಒರೆಸಿಕೊಂಡು, ಒಳಗೆ ಬಂದು ತಲೆ ತಗ್ಗಿಸಿ ಕೂತರು. ನಕ್ಷೆಯವನು ಬಾಯಿ ತೆರೆದವನು ಮುಚ್ಚಲಿಲ್ಲ. ಕೀಲಿಯಪ್ಪನಿಗೆ ಆನೆಬಲ ಬಂತು. ನೆಟ್ಟಗೆ ಕೂತುಕೋ ಎಂದ, ಅತಿಥಿ ಕೂತರು. ಗುಂಡಿ ಹಾಕಿಕೋ ಎಂದ, ಹಾಕಿಕೊಂಡರು. ಇಷ್ಟು ಸೊರಗಿದ್ದೀಯಲ್ಲ, ನಿನಗೆ ಊಟ ಹಾಕುವವರು ಯಾರೂ ಇಲ್ಲವೇ ಎಂದಾಗ ಆ ದೊಡ್ಡ ಮನುಷ್ಯರ ಕಣ್ಣಲ್ಲಿ ನೀರು ತುಂಬಿತು. ಯಜಮಾನರು ಗಾಬರಿಯಿಂದ ನೀರಿನ ಲೋಟ ಹುಡುಕತೊಡಗಿದರು.

ಅತಿಥಿ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಏನೋ ಕೇಳಿದರು. ಕೀಲಿಯಪ್ಪ ಗಂಭೀರವಾಗಿ ವೀ ಅಂದ. ಇನ್ನೊಂದು ಕೇಳಿದರು. ವೀ. ತಕ್ಷಣ ಅವರು ಎದ್ದು, ಅವನ ತೋಳು ಹಿಡಿದು, ಕಾರಿನ ಕಡೆ ನಡೆದರು. ದಾರಿ ತೋರಿಸು ಎಂದು ಕೈಸನ್ನೆ ಮಾಡಿದರು. ಇವನಿಗೆ ಗೊತ್ತಿದ್ದ ಫ್ರೆಂಚ್ ಜಾಗ ಊರಿನಲ್ಲಿ ಒಂದೇ. ಮೇಷ್ಟ್ರ ಮನೆಗೆ ಕರೆದುಕೊಂಡು ಹೋದ. ಹಿಂದಿನ ಕಾರಿನಲ್ಲಿ ಯಜಮಾನರು, ನಕ್ಷೆಯವನು, ಇನ್ನಿಬ್ಬರು, ಏನಾಗುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾ ಬಂದರು.

ಅಜ್ಜಿ ಬಾಗಿಲು ತೆಗೆದು, ಇಷ್ಟು ಜನರನ್ನು ನೋಡಿ, ಎಲ್ಲರಿಗೂ ಒಟ್ಟಿಗೆ ಕಾಲು ಒರೆಸಿಕೊಳ್ಳಲು ಹೇಳಿದರು. ಅತಿಥಿ ಅಲ್ಲೇ ಅವರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ಕೂತು ಮಾತಾಡಿದರು ನೋಡಿ, ಒಂದು ಗಂಟೆ. ಅಜ್ಜಿ ಯಾವುದೋ ಬೀದಿಯ ಹೆಸರು ಹೇಳುವರು, ಅತಿಥಿ ತೊಡೆ ತಟ್ಟುವರು. ಅಜ್ಜಿ ನಕ್ಕರು. ಅಜ್ಜಿಗೆ ಹಲ್ಲಿದೆ ಎನ್ನುವುದು ಕೀಲಿಯಪ್ಪನಿಗೆ ಗೊತ್ತಾದದ್ದೇ ಆವತ್ತು. ನನ್ನಿಂದಲ್ಲವೇ ಇದೆಲ್ಲ ಎಂದು ಅವನು ಗೋಡೆಗೆ ಒರಗಿ ಮೀಸೆ ತಿರುವಿಕೊಂಡ.

ಕೊನೆಗೆ ಅತಿಥಿ ಅವನ ಕಡೆ ತಿರುಗಿ, ಹೆಗಲ ಮೇಲೆ ಕೈಯಿಟ್ಟು, ಬಹಳ ಹೊತ್ತು ಏನೋ ಕೇಳಿದರು. ಮಧ್ಯದಲ್ಲಿ ಕಂಪನಿಯ ಹೆಸರು ಬಂತು, ಫ್ರಾನ್ಸ್ ಬಂತು. ಸೀಟಿನ ವಿಷಯವೇ, ಅನುಮಾನವಿಲ್ಲ. ಕೀಲಿಯಪ್ಪ ಎದೆಯ ಮೇಲೆ ಕೈಯಿಟ್ಟು ವೀ ಅಂದ. ಅವರಿಗೆ ನಂಬಿಕೆಯಾಗಲಿಲ್ಲವೋ ಏನೋ, ಬೆರಳೆತ್ತಿ ಮತ್ತೆ ಕೇಳಿದರು. ವೀ. ಮೂರನೆಯ ಸಲ ಒಂದೊಂದೇ ಪದ ಬಿಡಿಸಿ ಕೇಳಿದರು. ಇವನು ಮನೆ ಅದುರುವ ಹಾಗೆ ವೀ ಎಂದ. ಅಜ್ಜಿ ಎದ್ದು ಬಂದು ಅವನ ತಲೆಯನ್ನು ಎದೆಗೊತ್ತಿಕೊಂಡು ಗಳಗಳ ಅತ್ತರು.

ಇನ್ನೇನು ಬೇಕು? ಕೀಲಿಯಪ್ಪ ಅಂಗಳಕ್ಕೆ ಬಂದು, ತೀರ್ಮಾನವಾಯಿತು, ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು ಎಂದು ಘೋಷಿಸಿದ. ಯಜಮಾನರು ಬೆನ್ನು ತಟ್ಟಿದರು. ನಕ್ಷೆಯವನು ಸಹ ಕೈ ಕುಲುಕಿದ, ಸ್ವಲ್ಪ ಸಡಿಲವಾಗಿ. ಹೆಂಡತಿಗೆ ಫೋನು ಹೋಯಿತು. ದೊಡ್ಡ ಪೆಟ್ಟಿಗೆ ತೆಗೆದುಕೊಂಡು ಬಾ, ವಿಮಾನ ಹತ್ತಿದ ಹಾಗೇ ಅಂದುಕೋ ಎಂದ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಒಳಗೆ ಹೋಗಿ ತಾಯಿಯ ಮಾತು, ಅತಿಥಿಯ ಮಾತು ಕೇಳಿಸಿಕೊಂಡು ಹೊರಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಬಂದವರೇ ಶಿಷ್ಯನ ಕಾಲು ಮುಟ್ಟಲು ಬಗ್ಗಿದರು. ಕೀಲಿಯಪ್ಪ ಹೌಹಾರಿ ಹಿಂದೆ ಸರಿದ.

ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇವರ ಗದರಿಕೆ ಕೇಳಿ ಅವರಿಗೆ ತಮ್ಮ ಅಮ್ಮನ ನೆನಪಾಗಿ, ಇದನ್ನ ಕಲಿಸಿದವರ ಹತ್ತಿರ ಕರ್ಕೊಂಡು ಹೋಗ್ತೀಯಾ ಅಂತ ಕೇಳಿದ್ರಂತೆ. ಈ ವರ್ಷ ಕಂಪನಿ ಖರ್ಚಿನಲ್ಲಿ ಅವರು ಕರ್ಕೊಂಡು ಹೋಗಬಹುದಾದದ್ದು ಒಬ್ಬರನ್ನೇ, ಒಂದೇ ಸೀಟು. ಐವತ್ತೈದು ವರ್ಷ ಊರು ನೋಡದ ಈ ತಾಯಿಗೆ ನಿನ್ನ ಸೀಟು ಬಿಟ್ಟುಕೊಡ್ತೀಯಾ ಅಂತ ಇವರನ್ನ ಕೇಳಿದ್ರಂತೆ. ಯೋಚನೆ ಮಾಡು, ಬಲವಂತ ಇಲ್ಲ ಅಂತ ಮೂರು ಸಲ ಕೇಳಿದ್ರಂತೆ. ಇವರು ಮೂರು ಸಲವೂ ಆಗಲಿ ಅಂದರು. ಮಗನಾಗಿ ನನ್ನ ಕೈಲಿ ಆಗದ ಕೆಲಸ ಇದು. ಅಮ್ಮ ಇಷ್ಟು ವರ್ಷ ಪ್ರಯಾಣದ ಕಾಗದಪತ್ರ ಹೊಸದು ಮಾಡಿಸಿ ಮಾಡಿಸಿ ಪೆಟ್ಟಿಗೆಯಲ್ಲಿ ಇಡ್ತಾನೇ ಇದ್ದಳು."

ಯಜಮಾನರು ಕಣ್ಣೊರೆಸಿಕೊಂಡು, ಇಂಥವನು ನಮ್ಮ ಕಾರ್ಖಾನೆಯಲ್ಲಿದ್ದಾನೆ ಎನ್ನುವುದೇ ನಮಗೆ ಹೆಮ್ಮೆ ಎಂದರು. ನಕ್ಷೆಯವನು ಈ ಸಲ ಕೈಯನ್ನು ಗಟ್ಟಿಯಾಗಿ ಕುಲುಕಿದ. ಕೀಲಿಯಪ್ಪ ಕಷ್ಟಪಟ್ಟು ಮುಖದಲ್ಲಿ ಮುಗುಳ್ನಗೆ ತಂದುಕೊಂಡ. ನನಗೆ ಅರ್ಥವೇ ಆಗಲಿಲ್ಲ ಎಂದರೆ ತಿಂಗಳ ಫ್ರೆಂಚ್ ಮಣ್ಣುಪಾಲು. ಹೇಳದಿದ್ದರೆ ಫ್ರಾನ್ಸೇ ಮಣ್ಣುಪಾಲು. ಕಿಟಕಿಯಲ್ಲಿ ಅಜ್ಜಿಯ ಮುಖ ಕಂಡಿತು, ಮದುವೆಗೆ ಹೊರಟ ಹುಡುಗಿಯ ಹಾಗೆ ಹೊಳೆಯುತ್ತಿತ್ತು. ಆ ಮುಖ ನೋಡಿದ ಮೇಲೆ ಬಾಯಿ ತೆರೆಯುವುದು ಅವನಿಂದ ಆಗಲಿಲ್ಲ. ಸ್ವಲ್ಪ ಹೊತ್ತಿಗೆ, ತಾನು ಅರ್ಥವಾಗಿಯೇ ಒಪ್ಪಿಕೊಂಡೆನೇನೋ ಎಂದು ಅವನಿಗೇ ಅನ್ನಿಸಿ ಎದೆ ಮತ್ತೆ ಉಬ್ಬತೊಡಗಿತು.

ಹೆಂಡತಿ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಾ ಬಂದಳು. ಅವಳನ್ನು ಮೂಲೆಗೆ ಕರೆದು ವಿಷಯ ಹೇಳಿದ.  ಅವಳು ಪೆಟ್ಟಿಗೆಯನ್ನು ಒಳಗೆ ಅಜ್ಜಿಗೆ ಕೊಟ್ಟು ಬಂದಳು.

"ನೀವು ಮಾಡಿದ್ದು ದೊಡ್ಡ ಕೆಲಸವೇ, ನನಗೂ ಹೆಮ್ಮೆ ಇದೆ" ಅಂದಳು. "ಆದರೆ ವಿಮಾನ ಹತ್ತಿ ಹೋದರು ಅಂತ ಬೀದಿಗೆಲ್ಲ ಹೇಳಿ ಬಂದಿದ್ದೀನಿ. ನಾನು ತಲೆ ಎತ್ತಿಕೊಂಡು ನಡೆದದ್ದು ಇವತ್ತೇ ಮೊದಲು, ಅದನ್ನ ಹಾಳು ಮಾಡಬೇಡಿ. ಮೇಷ್ಟ್ರ ಹತ್ತಿರ ಮಾತಾಡಿದ್ದೀನಿ, ಅಜ್ಜಿ ಕೋಣೆ ಖಾಲಿ ಇರುತ್ತಂತೆ. ಆರು ತಿಂಗಳು ನಮ್ಮ ಬೀದಿ ಕಡೆ ಸುಳಿಯಬೇಡಿ."

ಗೇಟಿನ ತನಕ ಹೋದವಳು ತಿರುಗಿ ನಿಂತಳು.

"ವಾರಕ್ಕೊಂದು ಸಲ ಫೋನ್ ಮಾಡಿ. ಜೋರಾಗಿ ಕೂಗಿ ಮಾತಾಡಿ, ಪಕ್ಕದ ಮನೆಯವರಿಗೆ ದೂರದ ಕರೆ ಅಂತ ಗೊತ್ತಾಗಬೇಕು."